ಮರಕ್ಕೆ ಉಬ್ಬಲು ಜಾಗ ಬಿಡಿ: ಹಳೆಯ ದೋಣಿ ದುರಸ್ತಿಯ ಮೊದಲ ಪಾಠ

ಬೇಸಿಗೆಯಿಡೀ ದಡದಲ್ಲಿ ಒಣಗಿದ ಮರದ ದೋಣಿಯ ಒಳಗೆ ಕುಳಿತು ನೋಡಿದರೆ, ಹಲಗೆಗಳ ನಡುವಿನಿಂದ ಹೊರಗಿನ ಬೆಳಕು ಗೆರೆಗೆರೆಯಾಗಿ ಕಾಣುತ್ತದೆ. ಇದನ್ನು ಮೊದಲ ಸಲ ಕಂಡವರಿಗೆ ಎರಡು ಯೋಚನೆಗಳಲ್ಲಿ ಒಂದು ಬರುವುದು ಸಹಜ. ಒಂದು, ಈ ದೋಣಿಯ ಕಾಲ ಮುಗಿಯಿತು. ಇನ್ನೊಂದು, ಈ ಬಿರುಕುಗಳಿಗೆಲ್ಲ ಗಟ್ಟಿಯಾದ ಏನನ್ನಾದರೂ ಮೆತ್ತಿ ಮುಚ್ಚಿಬಿಡಬೇಕು. ಎರಡನೆಯ ಯೋಚನೆ ಮೊದಲನೆಯದಕ್ಕಿಂತ ಅಪಾಯಕಾರಿ. ಅದು ಯಾಕೆಂದು ನಿಮಗೆ ಅರ್ಥವಾದರೆ ಮರದ ದೋಣಿ ದುರಸ್ತಿಯ ಅರ್ಧ ವಿದ್ಯೆ ತಿಳಿದಂತೆ. ಉಳಿದರ್ಧ ಕೈಯ ಅಭ್ಯಾಸ.

ದೋಣಿಯನ್ನು ಹತ್ತಿರದಿಂದ ನೋಡಿಯೇ ಇಲ್ಲದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಿಮಗೆ ಬಡಗಿ ಕೆಲಸ ಗೊತ್ತಿರಬೇಕಿಲ್ಲ, ಈಜು ಕೂಡ ಬರಬೇಕಿಲ್ಲ. ಉದಾಹರಣೆಗೆ ನಾನು ತೆಗೆದುಕೊಳ್ಳುವುದು ನಮ್ಮ ಕರಾವಳಿಯ ನಾಡದೋಣಿಯನ್ನು. ಮಲ್ಪೆ, ಗಂಗೊಳ್ಳಿ, ಹೊನ್ನಾವರ, ತದಡಿ, ಕಾರವಾರ ಹೀಗೆ ಯಾವ ಬಂದರಿಗೆ ಹೋದರೂ ಈಗ ಫೈಬರ್ ಮತ್ತು ಉಕ್ಕಿನ ದೋಣಿಗಳೇ ಹೆಚ್ಚು. ಆದರೂ ತೆಂಗಿನ ತೋಟದ ಅಂಚಿನಲ್ಲೋ ನದಿ ದಂಡೆಯಲ್ಲೋ ಒಂದೆರಡು ಮರದ ದೋಣಿಗಳು ಇನ್ನೂ ಉಳಿದಿರುತ್ತವೆ. ಅವುಗಳಲ್ಲಿ ಎಷ್ಟೋ ದೋಣಿಗಳು ದುರಸ್ತಿಗೆ ಒಲಿಯುವಂಥವು ಎಂದು ನಾನು ನಂಬಿದ್ದೇನೆ.

ಮೊದಲು ದೋಣಿಯ ಒಡಲಿನ ಪರಿಚಯ ಮಾಡಿಕೊಳ್ಳೋಣ. ಒಡಲು ಎಂದರೆ ನೀರಿನಲ್ಲಿ ಮುಳುಗಿ ದೋಣಿಯನ್ನು ತೇಲಿಸುವ ಮೈ. ಅದರ ತಳದಲ್ಲಿ ಮುಂತುದಿಯಿಂದ ಹಿಂತುದಿಯವರೆಗೆ ದಪ್ಪ ಮರವೊಂದು ಉದ್ದಕ್ಕೆ ಸಾಗುತ್ತದೆ. ಅದನ್ನು ಇಲ್ಲಿ ಅಡಿಮರ ಎನ್ನುತ್ತೇನೆ. ಅಡಿಮರದ ಮೇಲೆ ಅಡ್ಡಲಾಗಿ ಕೂತು, ಎರಡೂ ಬದಿಗೆ ಬಾಗಿ ಮೇಲೇರುವ ತುಂಡುಗಳು ಪಕ್ಕೆಲುಬುಗಳು. ಪಕ್ಕೆಲುಬುಗಳ ಹೊರಗೆ, ಅಡಿಮರಕ್ಕೆ ಸಮಾನಾಂತರವಾಗಿ, ಒಂದರ ಪಕ್ಕ ಒಂದರಂತೆ ಹಲಗೆಗಳು ಬರುತ್ತವೆ. ಎರಡು ಹಲಗೆಗಳ ಅಂಚು ಕೂಡುವ ಗೆರೆಯೇ ಸಂದು. ನಮ್ಮ ಇಡೀ ಪಾಠ ಈ ಸಂದಿನ ಸುತ್ತಲೇ ನಡೆಯುತ್ತದೆ. ಕೊಂಕಣಿ, ತುಳು, ಕನ್ನಡ ಆಡುವ ಬೇರೆ ಬೇರೆ ಊರುಗಳಲ್ಲಿ ಈ ಭಾಗಗಳಿಗೆ ಬೇರೆ ಬೇರೆ ಹೆಸರುಗಳಿವೆ. ನೀವು ಯಾವ ಊರಿನಲ್ಲಿ ಕಲಿಯುತ್ತೀರೋ ಅಲ್ಲಿನ ಆಚಾರಿಗಳ ಬಾಯಲ್ಲಿರುವ ಹೆಸರನ್ನೇ ಕಲಿಯಿರಿ. ನಾನು ಬಳಸಿದ ಪದಗಳು ಈ ಬರಹದ ಅನುಕೂಲಕ್ಕೆ ಮಾತ್ರ.

ಹಲಗೆಗಳನ್ನು ಒಂದಕ್ಕೊಂದು ಕೂಡಿಸುವುದರಲ್ಲಿ ಎರಡು ಸಂಪ್ರದಾಯಗಳಿವೆ. ಒಂದರಲ್ಲಿ ಹಲಗೆಯ ಅಂಚಿನಲ್ಲಿ ಸಾಲಾಗಿ ತೂತು ಕೊರೆದು, ತೆಂಗಿನ ನಾರಿನ ಹಗ್ಗದಿಂದ ಹೊಲಿಯುತ್ತಾರೆ. ಇನ್ನೊಂದರಲ್ಲಿ ಹಲಗೆಗಳನ್ನು ಪಕ್ಕೆಲುಬುಗಳಿಗೆ ಮೊಳೆ ಹೊಡೆದು ಕೂಡಿಸುತ್ತಾರೆ. ನಮ್ಮ ಕರಾವಳಿಯ ದೊಡ್ಡ ರಂಪಣಿ ದೋಣಿಗಳು ಹೊಲಿದ ದೋಣಿಗಳಾಗಿದ್ದವು. ರಂಪಣಿ ಎಂದರೆ ಊರಿನವರೆಲ್ಲ ಸೇರಿ ದಡದಿಂದ ಎಳೆಯುವ ಉದ್ದನೆಯ ಬಲೆ. ಅದನ್ನು ಹೊತ್ತು ಸಮುದ್ರಕ್ಕೆ ಹೋಗುತ್ತಿದ್ದುದು ಈ ದೋಣಿ. ಅರಬ್ಬಿ ಸಮುದ್ರದಲ್ಲಿ ಹೊಲಿದ ಹಡಗುಗಳ ಚರಿತ್ರೆ ಬಹಳ ಹಳೆಯದು. 14ನೆಯ ಶತಮಾನದ ಪ್ರವಾಸಿ ಇಬ್ನ್ ಬತೂತ ಅವುಗಳನ್ನು ಕಂಡು, ಕಬ್ಬಿಣದ ಮೊಳೆ ಹೊಡೆದ ಹಡಗು ಬಂಡೆಗೆ ತಾಗಿದರೆ ಒಡೆಯುತ್ತದೆ, ನಾರಿನಿಂದ ಹೊಲಿದದ್ದು ಬಾಗಿ ಉಳಿಯುತ್ತದೆ ಎಂಬ ಅರ್ಥದ ಮಾತು ಬರೆದಿದ್ದಾನೆ. 1980ರಲ್ಲಿ ಓಮಾನಿನಲ್ಲಿ ಕಟ್ಟಿದ ‘ಸೊಹಾರ್’ ಎಂಬ ಹೊಲಿದ ಹಡಗು ಮಸ್ಕತ್‌ನಿಂದ ಚೀನಾದವರೆಗೆ ಹೋಯಿತು. ಅದರ ಹಲಗೆಗಳ ಮರ ಹೋದದ್ದು ಮಲಬಾರಿನಿಂದ. ಮರ ಯಾವುದು ಗೊತ್ತೇ? ನಮ್ಮ ಪಶ್ಚಿಮ ಘಟ್ಟದ ಹೆಬ್ಬಲಸು. ತೀರ ಇತ್ತೀಚೆಗೆ, ಅಜಂತಾದ ಚಿತ್ರವೊಂದನ್ನು ಆಧರಿಸಿ ಗೋವಾದಲ್ಲಿ ಹೊಲಿದು ಕಟ್ಟಿದ ಹಾಯಿಹಡಗನ್ನು 2025ರ ಮೇ 21ರಂದು ಕಾರವಾರದಲ್ಲಿ ನೌಕಾಪಡೆಗೆ ಸೇರಿಸಿಕೊಂಡು ‘ಕೌಂಡಿನ್ಯ’ ಎಂದು ಹೆಸರಿಟ್ಟರು. ಕೇರಳದ ಕುಶಲಕರ್ಮಿ ಬಾಬು ಶಂಕರನ್ ಅವರ ತಂಡ ಅದನ್ನು ಹೊಲಿಯಿತು. ಸಂದುಗಳನ್ನು ಭದ್ರಮಾಡಿದ್ದು ತೆಂಗಿನ ನಾರು, ಮರದ ರಾಳ ಮತ್ತು ಎಣ್ಣೆಯಿಂದ. ನಾವು ಕಲಿಯಲು ಹೊರಟಿರುವ ಸಾಮಗ್ರಿಗಳೂ ಬಹುಮಟ್ಟಿಗೆ ಇವೇ.

ಈಗ ಬೆಳಕಿನ ಗೆರೆಗಳ ಪ್ರಶ್ನೆಗೆ ಬರೋಣ. ಮರ ಕಡಿದ ಮೇಲೂ ನೀರು ಕುಡಿಯುತ್ತದೆ, ನೀರು ಬಿಡುತ್ತದೆ. ಗಾಳಿಯಲ್ಲಿ ಒಣಗಿದ ಮರದಲ್ಲಿ ಅದರ ಒಣ ತೂಕದ ಶೇಕಡಾ 12ರಿಂದ 15ರಷ್ಟು ನೀರು ಇರುತ್ತದೆ. ಕರಾವಳಿಯ ತೇವದ ಗಾಳಿಯಲ್ಲಿ ಇನ್ನೂ ತುಸು ಹೆಚ್ಚು. ದೋಣಿ ನೀರಿಗಿಳಿದಾಗ ಹಲಗೆ ನೀರು ಹೀರಿ ಉಬ್ಬುತ್ತದೆ. ಮರದಲ್ಲಿನ ನೀರಿನ ಪ್ರಮಾಣ ಸುಮಾರು ಶೇಕಡಾ 30 ತಲುಪುವವರೆಗೆ ಈ ಉಬ್ಬು ನಡೆಯುತ್ತದೆ. ಅದಾದ ಮೇಲೆ ಎಷ್ಟೇ ನೀರು ಹೀರಿದರೂ ಮರದ ತೂಕ ಹೆಚ್ಚುತ್ತದೆಯೇ ಹೊರತು ಗಾತ್ರ ಹೆಚ್ಚುವುದಿಲ್ಲ. ಇನ್ನೊಂದು ಸಂಗತಿಯನ್ನು ಚೆನ್ನಾಗಿ ನೆನಪಿಡಿ. ಮರ ಎಲ್ಲ ದಿಕ್ಕಿಗೂ ಒಂದೇ ಸಮ ಉಬ್ಬುವುದಿಲ್ಲ. ಎಳೆಯ ಉದ್ದಕ್ಕೆ ಅದು ಉಬ್ಬುವುದು ಇಲ್ಲವೆನ್ನುವಷ್ಟು ಕಡಿಮೆ. ಅಗಲಕ್ಕೆ ಮಾತ್ರ ಗಣನೀಯವಾಗಿ ಉಬ್ಬುತ್ತದೆ. 20 ಸೆಂಟಿಮೀಟರ್ ಅಗಲದ ಹಲಗೆ ಶೇಕಡಾ 2ರಷ್ಟು ಕುಗ್ಗಿದರೂ 4 ಮಿಲಿಮೀಟರ್ ಆಯಿತು. ನೀವು ಕಂಡ ಬೆಳಕಿನ ಗೆರೆ ಅದೇ.

ಅಂದರೆ ಒಣಗಿದ ದೋಣಿಯ ಸಂದು ತೆರೆದಿರುವುದು ರೋಗವಲ್ಲ. ಹಲಗೆ ಉಬ್ಬಿದಾಗ ಆ ಸಂದು ತಾನಾಗಿಯೇ ಮುಚ್ಚಬೇಕೆಂದೇ ದೋಣಿ ಕಟ್ಟಿದವರು ಲೆಕ್ಕ ಹಾಕಿರುತ್ತಾರೆ. ಈಗ ಆ ತೆರೆದ ಸಂದಿನೊಳಗೆ ನೀವು ಕಲ್ಲಿನಂತೆ ಗಟ್ಟಿಯಾಗುವ ಅಂಟನ್ನು ಸುರಿದಿರಿ ಎಂದುಕೊಳ್ಳಿ. ದೋಣಿ ನೀರಿಗಿಳಿಯಿತು. ಹಲಗೆ ಉಬ್ಬಲು ಹೊರಟಿತು, ಜಾಗವಿಲ್ಲ. ಉಬ್ಬುವ ಮರದ ಬಲ ಸಾಮಾನ್ಯವಲ್ಲ. ಹಿಂದೆ ಒಣಮರದ ಬೆಣೆ ಹೊಡೆದು ನೀರು ಹಾಕಿ ಬಂಡೆ ಸೀಳುತ್ತಿದ್ದರು, ಅದೂ ಇದೇ ಬಲದಿಂದ. ಎಲ್ಲ ಸಂದುಗಳೂ ಒಟ್ಟಿಗೆ ಹೀಗೆ ಒತ್ತಿದರೆ ಮೊಳೆಗಳು ಸಡಿಲಾಗುತ್ತವೆ, ಪಕ್ಕೆಲುಬು ಬಿರಿಯುತ್ತದೆ, ಹಲಗೆ ಹೊರಕ್ಕೆ ಬಾಗುತ್ತದೆ. ಅಂದ ಮೇಲೆ ದುರಸ್ತಿಗಾರನ ಕೆಲಸ ಸಂದನ್ನು ಶಾಶ್ವತವಾಗಿ ಮುಚ್ಚುವುದಲ್ಲ. ಮರ ಉಬ್ಬಿದಾಗ ತಗ್ಗಿ, ಕುಗ್ಗಿದಾಗ ಹಿಗ್ಗಿ, ಎರಡರ ನಡುವೆ ನೀರನ್ನು ತಡೆಯುವ ಮೆತ್ತನೆಯ ವಸ್ತುವನ್ನು ಅಲ್ಲಿ ಕೂರಿಸುವುದು. ಮುಂದೆ ಹೇಳುವ ಪ್ರತಿ ಹೆಜ್ಜೆಯೂ ಈ ಒಂದು ಮಾತಿನಿಂದಲೇ ಹುಟ್ಟುತ್ತದೆ.

ಸಂದು ತೆರೆಯುವುದು ರೋಗವಲ್ಲವಾದರೆ, ನಿಜವಾದ ರೋಗ ಯಾವುದು? ಹೊಸಬರಿಗೆ ಅಚ್ಚರಿಯಾಗುವ ಮಾತೊಂದಿದೆ. ಮರವನ್ನು ಕೊಳೆಸುವುದು ಸಮುದ್ರದ ನೀರಿಗಿಂತ ಹೆಚ್ಚಾಗಿ ಮಳೆಯ ನೀರು. ಕೊಳೆತ ಎಂಬುದು ಒಂದು ಬಗೆಯ ಶಿಲೀಂಧ್ರದ ಕೆಲಸ. ಅದು ಬೆಳೆಯಲು ತೇವ ಬೇಕು, ಗಾಳಿಯೂ ಬೇಕು. ಪೂರ್ತಿ ನೀರಿನಲ್ಲಿ ಮುಳುಗಿದ ಮರಕ್ಕೆ ಗಾಳಿ ಸಿಗದು. ಪೂರ್ತಿ ಒಣಗಿದ ಮರದಲ್ಲಿ ತೇವವಿಲ್ಲ. ಉಪ್ಪು ಈ ಶಿಲೀಂಧ್ರವನ್ನು ಬಹುಮಟ್ಟಿಗೆ ತಡೆಯುತ್ತದೆ. ಆದ್ದರಿಂದ ಅಪಾಯವಿರುವುದು ನೀರಿನ ಮಟ್ಟಕ್ಕಿಂತ ಮೇಲೆ, ಮಳೆಯ ನೀರು ನಿಂತು ನಿಧಾನವಾಗಿ ಇಂಗುವ ಮೂಲೆಗಳಲ್ಲಿ: ಹಲಗೆಯ ತುದಿಗಳಲ್ಲಿ, ಪಕ್ಕೆಲುಬಿನ ಬುಡದಲ್ಲಿ, ಅಂಚಿನ ಪಟ್ಟಿಯ ಅಡಿಯಲ್ಲಿ. ಮಳೆಗಾಲದಲ್ಲಿ ದೋಣಿಯನ್ನು ಬಾಯಿ ಮೇಲಾಗಿಟ್ಟು ಬಿಡುವುದಕ್ಕಿಂತ ದೊಡ್ಡ ಅಪರಾಧ ಇನ್ನೊಂದಿಲ್ಲ.

ಎರಡನೆಯ ಶತ್ರು ಹಡಗುಹುಳು. ಹೆಸರಿನಲ್ಲಿ ಹುಳು ಎಂದಿದ್ದರೂ ಇದು ನಾವು ತಿನ್ನುವ ಮರುವಾಯಿಯ ಬಳಗಕ್ಕೆ ಸೇರಿದ ಜೀವಿ, ಎರಡು ಚಿಪ್ಪಿನದು. ಮರಿಯಾಗಿದ್ದಾಗ ಅದು ನೀರಿನಲ್ಲಿ ಈಜಿ ಬಂದು ಮರದ ಮೇಲೆ ಕೂತು, ಒಂದು ಮಿಲಿಮೀಟರಿಗೂ ಕಡಿಮೆ ಅಗಲದ ತೂತು ಕೊರೆದು ಒಳಗೆ ಸೇರುತ್ತದೆ. ಮತ್ತೆ ಹೊರಗೆ ಬರುವುದಿಲ್ಲ. ಒಳಗೇ ಬೆಳೆಯುತ್ತಾ, ತನ್ನ ಪುಟ್ಟ ಚಿಪ್ಪುಗಳಿಂದ ಮರವನ್ನು ಕೆರೆಯುತ್ತಾ, ಸುರಂಗವನ್ನು ಉದ್ದ ಮಾಡುತ್ತಾ ಹೋಗುತ್ತದೆ. ಸುರಂಗದ ಗೋಡೆಗೆ ಸುಣ್ಣದ ಲೇಪ ಕೊಡುತ್ತದೆ. ಮರವನ್ನು ಜೀರ್ಣಿಸಿಕೊಳ್ಳಲು ಅದರ ಕಿವಿರುಗಳಲ್ಲಿ ವಾಸಿಸುವ ಬ್ಯಾಕ್ಟೀರಿಯಗಳು ನೆರವಾಗುತ್ತವೆ. ಹೊರಗಿನಿಂದ ನೋಡಿದರೆ ಸೂಜಿಮೊನೆಯಷ್ಟು ತೂತು, ಒಳಗೆ ಬೆರಳು ಹೋಗುವಷ್ಟು ಟೊಳ್ಳು. ಲಂಡನ್ನಿನ ಥೇಮ್ಸ್ ನದಿಯ ಅಡಿಯಲ್ಲಿ ಸುರಂಗ ತೋಡಿದ ಮಾರ್ಕ್ ಬ್ರುನೆಲ್ ತನ್ನ ಯಂತ್ರದ ಉಪಾಯವನ್ನು ಈ ಜೀವಿಯಿಂದಲೇ ಕಲಿತನೆಂದು ಹೇಳುತ್ತಾರೆ. ಆ ಸುರಂಗ 1843ರಲ್ಲಿ ತೆರೆಯಿತು. ದೋಣಿಯವರ ಪಾಲಿಗೆ ಮಾತ್ರ ಈ ಜಾಣತನ ದುಬಾರಿ.

ಹಡಗುಹುಳು ಬದುಕುವುದು ಉಪ್ಪುನೀರಿನಲ್ಲಿ. ದಿನವೂ ಮರಳಿನ ಮೇಲೆ ಎಳೆದಿಡುವ ದೋಣಿಗೆ ಅದರ ಕಾಟ ಕಡಿಮೆ. ಅಳಿವೆಯಲ್ಲಿ, ಅಂದರೆ ನದಿ ಸಮುದ್ರ ಸೇರುವ ಜಾಗದಲ್ಲಿ, ತಿಂಗಳುಗಟ್ಟಲೆ ಕಟ್ಟಿಹಾಕಿದ ದೋಣಿಗೆ ಕಾಟ ಹೆಚ್ಚು. ಮಳೆಗಾಲದಲ್ಲಿ ನದಿ ತುಂಬಿ ಅಳಿವೆಯ ನೀರು ಸಿಹಿಯಾದಾಗ ಹುಳು ಸಾಯಬೇಕು. ಆದರೆ ಅದು ತನ್ನ ತೂತಿನ ಬಾಗಿಲನ್ನು ಮುಚ್ಚಿಕೊಂಡು ಕೆಲವು ವಾರ ತಡೆದುಕೊಳ್ಳಬಲ್ಲದು. ಆದ್ದರಿಂದ ದೋಣಿಯನ್ನು ದಡಕ್ಕೆಳೆದು ಚೆನ್ನಾಗಿ ಒಣಗಿಸುವುದೇ ಖಚಿತವಾದ ದಾರಿ.

ಮೂರನೆಯದು ಕಬ್ಬಿಣದ ಮೊಳೆಯ ತುಕ್ಕು. ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಮೊಳೆಯ ಸುತ್ತಲಿನ ಮರ ಸೀಳುತ್ತದೆ, ಕಪ್ಪಾಗುತ್ತದೆ, ಮೆತ್ತಗಾಗುತ್ತದೆ. ತಾಮ್ರದ ಮೊಳೆಗೆ ಈ ದೋಷವಿಲ್ಲ, ಬೆಲೆ ಹೆಚ್ಚು ಅಷ್ಟೆ.

ಈಗ ಪರೀಕ್ಷೆ. ಕೆಲಸಕ್ಕೆ ಮೊದಲು ಇದಕ್ಕೆ ಧಾರಾಳವಾಗಿ ಸಮಯ ಕೊಡಿ. ದೋಣಿಯನ್ನು ದಡಕ್ಕೆಳೆದು, ಮರದ ದಿಮ್ಮಿಗಳ ಮೇಲೆ ಎಲ್ಲೂ ಒಂದೇ ಕಡೆ ಭಾರ ಬೀಳದಂತೆ ಕೂರಿಸಿ. ತಳಕ್ಕೆ ಅಂಟಿದ ಪಾಚಿ, ಚಿಪ್ಪುಗಳನ್ನು ಅವು ಇನ್ನೂ ಒದ್ದೆಯಾಗಿರುವಾಗಲೇ ಕೆರೆದು ತೆಗೆಯಿರಿ, ಒಣಗಿದರೆ ಬಿಡಿಸುವುದು ಕಷ್ಟ. ಸಿಹಿನೀರಿನಿಂದ ತೊಳೆದು ಉಪ್ಪು ತೆಗೆಯಿರಿ, ಏಕೆಂದರೆ ಉಪ್ಪು ಗಾಳಿಯ ತೇವವನ್ನು ಎಳೆದುಕೊಂಡು ಮರ ಒಣಗಲು ಬಿಡುವುದಿಲ್ಲ. ತೊಳೆದ ನೀರು ಒಳಗೆ ನಿಲ್ಲಬಾರದು. ಅನಂತರ ಮೇಲೆ ತೆಂಗಿನ ಮಡಲಿನ ಚಪ್ಪರ ಹಾಕಿ ನೆರಳಿನಲ್ಲಿ ಒಣಗಿಸಿ. ನೇರ ಬಿಸಿಲು ಹಲಗೆಯ ಹೊರಮೈಯನ್ನು ಒಳಮೈಗಿಂತ ಬೇಗ ಒಣಗಿಸಿ ಸೀಳುತ್ತದೆ.

ಒಣಗಿದ ಮೇಲೆ ಎರಡು ಸರಳ ಸಾಧನಗಳನ್ನು ಹಿಡಿದು ದೋಣಿಯ ಸುತ್ತ ನಿಧಾನವಾಗಿ ಬನ್ನಿ. ಒಂದು ಕೊಡತಿ, ಅಂದರೆ ಮರದ ಸುತ್ತಿಗೆ. ಇನ್ನೊಂದು ದಬ್ಬಣ. ಕೊಡತಿಯಿಂದ ಹಲಗೆಯ ಮೇಲೆ ಅಂಗೈಯಗಲಕ್ಕೊಂದರಂತೆ ಮೆಲ್ಲಗೆ ಬಡಿಯಿರಿ. ಗಟ್ಟಿ ಮರ ಸ್ಪಷ್ಟವಾಗಿ, ಚುರುಕಾಗಿ ಸದ್ದು ಮಾಡುತ್ತದೆ. ಕೊಳೆತದ್ದು ಮಂಕಾಗಿ, ಹುಳು ತಿಂದದ್ದು ಪೊಳ್ಳಾಗಿ ಸದ್ದು ಮಾಡುತ್ತದೆ. ಮೊದಲ ದಿನ ಈ ವ್ಯತ್ಯಾಸ ನಿಮ್ಮ ಕಿವಿಗೆ ಸಿಗಲಿಕ್ಕಿಲ್ಲ. ಒಳ್ಳೆಯದೆಂದು ಖಚಿತವಾಗಿ ಗೊತ್ತಿರುವ ಹಲಗೆಯೊಂದನ್ನು ಮೊದಲು ಬಡಿದು ಆ ಸದ್ದನ್ನು ಕಿವಿಯಲ್ಲಿಟ್ಟುಕೊಂಡು ಉಳಿದದ್ದನ್ನು ಅದರೊಂದಿಗೆ ಹೋಲಿಸಿ. ಸಂಶಯ ಬಂದಲ್ಲಿ ದಬ್ಬಣದ ಮೊನೆಯನ್ನು ಒತ್ತಿ. ಗಟ್ಟಿ ಮರ ತಡೆಯುತ್ತದೆ, ಎತ್ತಿದರೆ ಉದ್ದನೆಯ ಸಿಬಿರು ಏಳುತ್ತದೆ. ಕೊಳೆತ ಮರದೊಳಗೆ ದಬ್ಬಣ ಸಲೀಸಾಗಿ ಇಳಿಯುತ್ತದೆ, ಎತ್ತಿದರೆ ಮರ ಚೂರುಚೂರಾಗಿ ಮುರಿಯುತ್ತದೆ. ಕೆಟ್ಟ ಜಾಗಗಳನ್ನೆಲ್ಲ ಸೀಮೆಸುಣ್ಣದಿಂದ ಗುರುತಿಸಿ. ಮೊಳೆಗಳ ಸುತ್ತ, ಹಲಗೆಯ ತುದಿಗಳಲ್ಲಿ, ಅಡಿಮರಕ್ಕೆ ತಾಗಿರುವ ಮೊದಲ ಹಲಗೆಯಲ್ಲಿ ವಿಶೇಷ ಗಮನವಿರಲಿ. ಆ ಮೊದಲ ಹಲಗೆಯೇ ಹೆಚ್ಚು ಒದೆ ತಿನ್ನುವುದು, ಹೆಚ್ಚು ಹೊತ್ತು ಒದ್ದೆಯಾಗಿರುವುದು.

ಗುರುತಿಸಿದ ಕೊಳೆತ ಭಾಗವನ್ನು ಉಳಿಯಿಂದ ತೆಗೆಯುವಾಗ ಕನಿಕರ ತೋರಬೇಡಿ. ಕಣ್ಣಿಗೆ ಕೊಳೆತು ಕಾಣುವ ಗಡಿಯಾಚೆಗೂ ಶಿಲೀಂಧ್ರದ ಎಳೆಗಳು ಹರಡಿರುತ್ತವೆ. ಆದ್ದರಿಂದ ಗಟ್ಟಿ ಮರ ಸಿಕ್ಕ ಮೇಲೂ ಒಂದು ಗೇಣಿನಷ್ಟು ಮುಂದಕ್ಕೆ ಹೋಗಿ ಕತ್ತರಿಸುವುದು ಲೇಸು. ಹಾನಿ ಚಿಕ್ಕದಾಗಿದ್ದು ಹಲಗೆಯ ದಪ್ಪದ ಅರ್ಧಕ್ಕಿಂತ ಆಳವಿಲ್ಲದಿದ್ದರೆ ಅಷ್ಟೇ ಜಾಗ ತೋಡಿ ಹೊಸ ಮರದ ತುಂಡು ಕೂರಿಸಬಹುದು. ತುಂಡನ್ನು ಚೌಕಾಕಾರಕ್ಕೆ ಕತ್ತರಿಸದೆ, ಎರಡೂ ತುದಿ ಚೂಪಾದ ಆಕಾರದಲ್ಲಿ ಕತ್ತರಿಸಿ. ಎಳೆಗೆ ಅಡ್ಡಲಾಗಿ ಬರುವ ನೇರ ಜೋಡಣೆ ಅತ್ಯಂತ ದುರ್ಬಲ. ಹಾನಿ ದೊಡ್ಡದಾಗಿದ್ದರೆ ಹಲಗೆಯ ಆ ಭಾಗವನ್ನೇ ಬದಲಿಸಬೇಕು. ಹಳೆಯ ಮತ್ತು ಹೊಸ ಹಲಗೆಯ ತುದಿಗಳನ್ನು ಓರೆಯಾಗಿ ಕೆತ್ತಿ, ಒಂದರ ಮೇಲೊಂದು ಕೂರಿಸುತ್ತಾರೆ. ಹಲಗೆಯ ದಪ್ಪ ಒಂದಾದರೆ ಓರೆಯ ಉದ್ದ ಎಂಟರಷ್ಟಾದರೂ ಇರಲಿ: 25 ಮಿಲಿಮೀಟರ್ ದಪ್ಪಕ್ಕೆ 20 ಸೆಂಟಿಮೀಟರ್ ಓರೆ. ಪಕ್ಕದ ಹಲಗೆಯಲ್ಲಿ ಇನ್ನೊಂದು ಜೋಡಣೆ ಇದ್ದರೆ ಎರಡೂ ಒಂದೇ ನೇರಕ್ಕೆ ಬರದಂತೆ ಸರಿಸಿ. ಹೊಸ ಮರ ಸಾಧ್ಯವಾದಷ್ಟು ಹಳೆಯ ಜಾತಿಯದ್ದೇ ಆಗಿರಲಿ. ಹೆಬ್ಬಲಸಿಗೆ ಹೆಬ್ಬಲಸು, ತೇಗಕ್ಕೆ ತೇಗ. ಬೇರೆ ಬೇರೆ ಮರ ಬೇರೆ ಬೇರೆ ಪ್ರಮಾಣದಲ್ಲಿ ಉಬ್ಬುತ್ತದೆ.

ಮರಗೆಲಸ ಮುಗಿಯಿತು. ಇನ್ನು ಈ ವಿದ್ಯೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ, ಸಂದು ತುಂಬುವುದು.

ಮೊಳೆಯ ದೋಣಿಯ ಸಂದನ್ನು ಅಡ್ಡಕ್ಕೆ ಸೀಳಿ ನೋಡಿದರೆ ಅದು ಹೊರಗೆ ಅಗಲವಾಗಿ, ಒಳಗೆ ಹೋದಂತೆ ಕಿರಿದಾಗಿರುತ್ತದೆ. ಒಳಗಿನ ಮೂರನೇ ಒಂದು ಭಾಗದಲ್ಲಿ ಮರಕ್ಕೆ ಮರ ತಾಗಿರಬೇಕು. ಒಂದು ಇಂಚು ದಪ್ಪದ ಹಲಗೆಗೆ ಹೊರಬಾಯಿ ಸುಮಾರು 3 ಮಿಲಿಮೀಟರ್ ಇದ್ದರೆ ಸಾಕು. ಆಕಾರ ಹೀಗೇ ಇರಬೇಕಾದ್ದಕ್ಕೆ ಕಾರಣವಿದೆ. ನೀರು ಹೊರಗಿನಿಂದ ಒತ್ತಿದಾಗ ತುಂಬಿದ ನಾರು ಕಿರಿದಾದ ಕಡೆಗೆ ಸರಿದು ಇನ್ನಷ್ಟು ಬಿಗಿಯಾಗುತ್ತದೆ. ನೀರಿನ ಒತ್ತಡವೇ ನಮ್ಮ ಪರವಾಗಿ ಕೆಲಸ ಮಾಡುತ್ತದೆ. ಒಳಗೂ ಹೊರಗೂ ಒಂದೇ ಅಗಲದ ಸಂದಿನಲ್ಲಿ ನಾರು ಒಳಕ್ಕೆ ತೂರಿಹೋಗುತ್ತದೆ.

ಹಳೆಯ ತುಂಬುವಿಕೆಯನ್ನು ಕೊಕ್ಕೆಯಂಥ ಉಪಕರಣದಿಂದ ಎಳೆದು ತೆಗೆಯಿರಿ. ಮರದ ಅಂಚು ಕಿತ್ತುಬಾರದಂತೆ ಕೈ ಹಗುರವಾಗಿರಲಿ. ಎಲ್ಲ ಸಂದುಗಳನ್ನೂ ಒಂದೇ ಸಲ ಖಾಲಿ ಮಾಡಬೇಡಿ. ತುಂಬಿದ ಸಂದುಗಳು ನೀರು ತಡೆಯುವುದರ ಜೊತೆಗೆ ಹಲಗೆಗಳನ್ನು ಒಂದಕ್ಕೊಂದು ಒತ್ತಿ ಹಿಡಿದು ಇಡೀ ಒಡಲಿಗೆ ಬಿಗಿ ಕೊಡುತ್ತವೆ. ಎಲ್ಲವನ್ನೂ ತೆಗೆದರೆ ದೋಣಿ ಸಡಿಲಾಗಿ ಆಕಾರ ಕಳೆದುಕೊಳ್ಳಬಹುದು. ನಾಲ್ಕೈದು ಸಂದು ತೆಗೆದು, ತುಂಬಿ, ಮುಂದಕ್ಕೆ ಹೋಗಿ. ಎಡಬಲ ಎರಡೂ ಬದಿಗಳನ್ನು ಸರದಿಯಂತೆ ಮಾಡಿ.

ಖಾಲಿಯಾದ ಸಂದಿಗೆ ಮೊದಲು ತೆಳುವಾಗಿ ಎಣ್ಣೆ ಸವರಿ. ಒಣ ಮರ ನಾವು ಮುಂದೆ ಹಾಕುವ ಲೇಪದ ಎಣ್ಣೆಯನ್ನೆಲ್ಲ ಹೀರಿ ಅದನ್ನು ಪುಡಿಪುಡಿ ಮಾಡದಿರಲಿ ಎಂದು. ಅನಂತರ ತುಂಬುವ ನಾರು. ಕಿರಿದಾದ ಸಂದಿಗೆ ಹತ್ತಿ, ಅಗಲವಾದದ್ದಕ್ಕೆ ತೆಂಗಿನ ನಾರು. ತೆಂಗಿನ ನಾರಿನಲ್ಲಿ ಲಿಗ್ನಿನ್ ಎಂಬ ಗಡಸು ಅಂಶ ಬಹಳ ಹೆಚ್ಚು. ಅದಕ್ಕೇ ಅದು ಉಪ್ಪುನೀರಿನಲ್ಲಿ ಬೇಗ ಹಾಳಾಗುವುದಿಲ್ಲ. ಹತ್ತಿಯನ್ನು ದೇವರ ದೀಪಕ್ಕೆ ಬತ್ತಿ ಹೊಸೆದಂತೆ ಸಡಿಲವಾಗಿ ಹೊಸೆದು ಉದ್ದನೆಯ ಎಳೆ ಮಾಡಿಕೊಳ್ಳಿ. ಬಿಗಿಯಾಗಿ ಹೊಸೆದರೆ ಸಂದಿನೊಳಗೆ ಹರಡಿಕೊಳ್ಳುವುದಿಲ್ಲ.

ಚಪ್ಪಟೆಯಾದ ಮೊಂಡು ಬಾಯಿಯ ಉಳಿಯೊಂದು ಬೇಕು. ಮೊಂಡಾಗಿರಬೇಕು, ಏಕೆಂದರೆ ನಮಗೆ ಬೇಕಾದದ್ದು ನಾರನ್ನು ಒತ್ತುವುದು, ಕತ್ತರಿಸುವುದಲ್ಲ. ಬತ್ತಿಯ ತುದಿಯನ್ನು ಸಂದಿನ ಬಾಯಿಗಿಟ್ಟು ಉಳಿಯಿಂದ ತಳ್ಳಿ. ಬತ್ತಿಯನ್ನು ನೇರವಾಗಿ ಎಳೆದು ಹಾಕದೆ ಪುಟ್ಟ ಪುಟ್ಟ ಮಡಿಕೆ ಮಾಡಿ ಒಂದೊಂದೇ ಮಡಿಕೆಯನ್ನು ಒಳಗೆ ಸೇರಿಸುತ್ತಾ ಹೋಗಿ. ಸಂದು ಅಗಲವಾದಲ್ಲಿ ಮಡಿಕೆ ದೊಡ್ಡದು, ಕಿರಿದಾದಲ್ಲಿ ಚಿಕ್ಕದು. ಒಂದು ಮೊಳದಷ್ಟು ಉದ್ದ ಹೀಗೆ ಸೇರಿಸಿದ ಮೇಲೆ ಮತ್ತೆ ಮೊದಲಿನಿಂದ ಕೊಡತಿಯ ಪೆಟ್ಟು ಕೊಟ್ಟು ಸಮನಾಗಿ ಕೂರಿಸಿ. ಹಲಗೆಯ ಮೇಲ್ಮೈಯಿಂದ ಸುಮಾರು 5 ಮಿಲಿಮೀಟರ್ ಕೆಳಗೆ ನಿಲ್ಲಿಸಿ. ಆ ಜಾಗ ಲೇಪಕ್ಕೆ.

ಎಷ್ಟು ಬಲವಾಗಿ ಹೊಡೆಯಬೇಕು ಎಂದು ಎಲ್ಲರೂ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಮೆತ್ತಗೆ ಹೊಡೆದರೆ ನಾರು ಮರ ಉಬ್ಬುವ ಮೊದಲೇ ಸಂದಿನಿಂದ ಕಳಚಿಕೊಳ್ಳುತ್ತದೆ. ತೀರ ಬಲವಾಗಿ ಹೊಡೆದರೆ ಮರ ಉಬ್ಬಲು ಜಾಗವೇ ಉಳಿಯದು, ಮೊದಲೇ ಹೇಳಿದ ಗಟ್ಟಿ ಅಂಟಿನ ಕಥೆಯೇ ಮತ್ತೆ ನಡೆಯುತ್ತದೆ, ಇಲ್ಲವೇ ನಾರು ಸಂದನ್ನು ದಾಟಿ ದೋಣಿಯ ಒಳಬದಿಗೆ ತೂರಿಹೋಗುತ್ತದೆ. ದಡದಲ್ಲಿ ಬಹಳ ಒಣಗಿದ ದೋಣಿಗೆ ಪೆಟ್ಟು ಹಗುರವಾಗಿರಲಿ, ಏಕೆಂದರೆ ಅದು ಮುಂದೆ ಹೆಚ್ಚು ಉಬ್ಬಲಿದೆ. ಅಳತೆ ಇರುವುದು ಸದ್ದಿನಲ್ಲಿ. ನಾರು ಸಡಿಲಾಗಿರುವವರೆಗೆ ಕೊಡತಿಯ ಸದ್ದು ಮೆತ್ತಗಿರುತ್ತದೆ, ಅದು ಸರಿಯಾಗಿ ಕೂತ ಗಳಿಗೆಯಲ್ಲಿ ಸದ್ದು ಏರಿ ಗಟ್ಟಿಯಾಗುತ್ತದೆ. ಅಲ್ಲಿಗೆ ನಿಲ್ಲಿಸಿ. ಇದನ್ನು ಕಾಗದದ ಮೇಲೆ ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಸಾಧ್ಯವಿಲ್ಲ. ನುರಿತ ಆಚಾರಿಯೊಬ್ಬರ ಪಕ್ಕದಲ್ಲಿ ಅರ್ಧ ದಿನ ಸುಮ್ಮನೆ ಕುಳಿತು ಕೇಳಿ.

ನಾರಿನ ಮೇಲೆ ಬರುವುದು ರಾಳದ ಲೇಪ. ರಾಳ ಎಂದರೆ ಕೆಲವು ಮರಗಳಿಂದ ಒಸರಿ ಗಟ್ಟಿಯಾಗುವ ಅಂಟು. ಪಶ್ಚಿಮ ಘಟ್ಟದ ಧೂಪದ ಮರಗಳು ಇದಕ್ಕೆ ಹೆಸರಾಗಿವೆ. ದೇವರ ಮುಂದೆ ಕೆಂಡಕ್ಕೆ ಹಾಕುವ ಅದೇ ಧೂಪ ದೋಣಿಯ ಸಂದನ್ನೂ ಕಾಯುತ್ತದೆ. ರಾಳವನ್ನು ಪುಡಿ ಮಾಡಿ ಎಣ್ಣೆಯಲ್ಲಿ ಸಣ್ಣ ಉರಿಯ ಮೇಲೆ ಕರಗಿಸುತ್ತಾರೆ. ರಾಳ ಒಂದೇ ಇದ್ದರೆ ಗಾಜಿನಂತೆ ಬಿರಿಯುತ್ತದೆ, ಎಣ್ಣೆ ಅದಕ್ಕೆ ಬಾಗುವ ಗುಣ ಕೊಡುತ್ತದೆ. ಪ್ರಮಾಣ ರಾಳದ ಜಾತಿಯ ಮೇಲೆ ಬದಲಾಗುವುದರಿಂದ ಅಂಕಿಗಿಂತ ಪರೀಕ್ಷೆ ಒಳ್ಳೆಯದು. ಕುದಿಯುವ ಪಾಕದ ಒಂದು ಹನಿಯನ್ನು ತಣ್ಣೀರಿಗೆ ಬಿಡಿ. ಆರಿದ ಹನಿಯನ್ನು ಬೆರಳಿನಿಂದ ಬಗ್ಗಿಸಿ. ಮುರಿದರೆ ಎಣ್ಣೆ ಸಾಲದು. ಬೆರಳಿಗೆ ಅಂಟಿಕೊಂಡರೆ ರಾಳ ಸಾಲದು. ಮುರಿಯದೆ ಅಂಟದೆ ಬಾಗಿದರೆ ಹದ ಬಂತು. ಈ ಕೆಲಸ ಬಯಲಲ್ಲೇ ಆಗಬೇಕು. ಪಾತ್ರೆ ಅರ್ಧಕ್ಕಿಂತ ತುಂಬಿರಬಾರದು, ಪಕ್ಕದಲ್ಲಿ ಮರಳಿನ ಬಕೆಟ್ ಇರಲಿ. ಹತ್ತಿಕೊಂಡ ಎಣ್ಣೆಗೆ ನೀರು ಹಾಕಿದರೆ ಬೆಂಕಿ ಸಿಡಿಯುತ್ತದೆ. ಹೊಸಬರು ಒಬ್ಬರೇ ಮಾಡಲೇಬಾರದು.

ಇನ್ನೊಂದು ಬಗೆಯ ಲೇಪ ಸುಣ್ಣ ಮತ್ತು ಎಣ್ಣೆಯದು. ನುಣ್ಣಗಿನ ಚಿಪ್ಪಿನ ಸುಣ್ಣವನ್ನು ಎಣ್ಣೆಯೊಂದಿಗೆ ಚೆನ್ನಾಗಿ ನಾದಿ ಕಣಕದ ಹದಕ್ಕೆ ತರುತ್ತಾರೆ. ಸುಣ್ಣ ಮತ್ತು ಎಣ್ಣೆ ಸೇರಿ ನೀರಿನಲ್ಲಿ ಕರಗದ ಒಂದು ಬಗೆಯ ಸಾಬೂನು ಆಗುತ್ತದೆ, ಅದೇ ನೀರನ್ನು ತಡೆಯುತ್ತದೆ. ಬೆಂಕಿಯ ಹಂಗಿಲ್ಲದ ಈ ಲೇಪ ಕಲಿಯುವವರಿಗೆ ಹೆಚ್ಚು ಸೂಕ್ತ ಎಂದು ನನ್ನ ಅಭಿಪ್ರಾಯ.

ಸಂದು ಮುಗಿದ ಮೇಲೆ ಇಡೀ ಮೈಗೆ ಎಣ್ಣೆ. ಕರಾವಳಿಯಲ್ಲಿ ಬೂತಾಯಿ ಮೀನಿನ ಎಣ್ಣೆಗೆ ಈ ಕೆಲಸದಲ್ಲಿ ಹಳೆಯ ಗೌರವವಿದೆ. ಅದು ಗಾಳಿಗೆ ಒಣಗಿ ತೆಳುವಾದ ಪೊರೆ ಕಟ್ಟುತ್ತದೆ. ವಾಸನೆ ಕೆಲವು ದಿನ ಇರುತ್ತದೆ, ಸಹಿಸಿಕೊಳ್ಳಿ. ಗೇರುಬೀಜದ ಸಿಪ್ಪೆಯ ಎಣ್ಣೆಯನ್ನೂ ಹಚ್ಚುತ್ತಾರೆ. ಹುಳುಗಳನ್ನು ದೂರವಿಡುವಲ್ಲಿ ಅದು ಸಮರ್ಥ, ಆದರೆ ಚರ್ಮಕ್ಕೆ ತಾಗಿದರೆ ಸುಟ್ಟ ಗಾಯವಾಗುತ್ತದೆ. ಕೈಗವಸಿಲ್ಲದೆ ಮುಟ್ಟಬೇಡಿ. ಒಣಗುವ ಎಣ್ಣೆ ಒರೆಸಿದ ಬಟ್ಟೆಗಳನ್ನು ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ. ಅವು ತಾವಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳುತ್ತವೆ. ಬಿಡಿಸಿ ಹರಡಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ.

ಹಾಗಾದರೆ ಫೈಬರ್ ಹೊದಿಸಿಬಿಟ್ಟರೆ ಆಗದೇ ಎಂದು ನೀವು ಕೇಳಬಹುದು. ಒಂದೇ ದಿಮ್ಮಿಯನ್ನು ತೋಡಿ ಮಾಡಿದ ಚಿಕ್ಕ ದೋಣಿಗೆ, ಮರ ಗಟ್ಟಿಯಾಗಿದ್ದು ಚೆನ್ನಾಗಿ ಒಣಗಿದ್ದರೆ, ಫೈಬರ್ ಹೊದಿಕೆ ಉಪಯುಕ್ತವೇ. ಅಲ್ಲಿ ಸಂದುಗಳಿಲ್ಲ. ಹಲವು ಹಲಗೆಗಳ ಹಳೆಯ ದೋಣಿಗೆ ಮಾತ್ರ ನಾನು ಅದನ್ನು ಒಪ್ಪಲಾರೆ. ಒಳಗಿನ ಹಲಗೆಗಳು ಅಲುಗಾಡುತ್ತವೆ, ಹೊರಗಿನ ಹೊದಿಕೆ ಅಲುಗಾಡದು. ಎಲ್ಲೋ ಒಂದು ಕಡೆ ಬಿಟ್ಟುಕೊಂಡು ನಡುವೆ ಮಳೆನೀರು ಸೇರುತ್ತದೆ. ತೇವವೂ ಇದೆ, ಅಲ್ಪಸ್ವಲ್ಪ ಗಾಳಿಯೂ ಇದೆ, ಶಿಲೀಂಧ್ರಕ್ಕೆ ಬೇಕಾದ್ದು ಇಷ್ಟೇ. ಹೊರಗಿನಿಂದ ಹೊಳೆಯುವ ದೋಣಿ ಒಳಗೆ ಪುಡಿಯಾಗಿರುತ್ತದೆ.

ನೀರಿಗಿಳಿಸುವ ಕಾಲವೂ ಪಾಠದ ಭಾಗವೇ. ಕರ್ನಾಟಕದಲ್ಲಿ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧವಿದೆ. ಅವುಗಳ ದುರಸ್ತಿ ಆಗ ನಡೆಯುತ್ತದೆ. ನಾಡದೋಣಿಗಳು ಇದಕ್ಕೆ ತಿರುಗುಮುರುಗು, ಅವು ಮಳೆಗಾಲದಲ್ಲೇ ಕಡಲಿಗಿಳಿಯುತ್ತವೆ. ಹಾಗಾಗಿ ಅವುಗಳ ಕೆಲಸ ಮೇ ತಿಂಗಳೊಳಗೆ ಮುಗಿಯಬೇಕು. ಒಣಗಿದ ದೋಣಿಯನ್ನು ನೇರವಾಗಿ ಅಲೆಗೆ ಒಡ್ಡಬೇಡಿ. ಎರಡು ಮೂರು ದಿನ ಮೊದಲಿನಿಂದಲೇ ಒದ್ದೆ ಗೋಣಿಚೀಲ ಹೊದಿಸಿ ಮರಕ್ಕೆ ನಿಧಾನವಾಗಿ ನೀರುಣಿಸಿ. ಬಳಿಕ ಅಲೆಯಿಲ್ಲದ ಹಿನ್ನೀರಿನಲ್ಲಿ, ಆಳವಿಲ್ಲದ ಕಡೆ ಕಟ್ಟಿಹಾಕಿ. ಮೊದಲ ರಾತ್ರಿ ದೋಣಿಯೊಳಗೆ ನೀರು ಬಂದೇ ಬರುತ್ತದೆ. ಗಾಬರಿಯಾಗಿ ಮತ್ತೆ ಕೊಡತಿ ಹಿಡಿಯಬೇಡಿ. ನೀರನ್ನು ಮೊಗೆದು ಚೆಲ್ಲಿ, ಎಷ್ಟು ಬಾಲ್ದಿ ಎಂದು ಬರೆದಿಡಿ. ದಿನದಿಂದ ದಿನಕ್ಕೆ ಆ ಲೆಕ್ಕ ಇಳಿಯುತ್ತಾ ಬಂದರೆ ಹಲಗೆಗಳು ಉಬ್ಬಿ ಕೂಡುತ್ತಿವೆ. ಒಂದು ವಾರವಾದರೂ ಇಳಿಯದಿದ್ದರೆ ಮಾತ್ರ ದೋಣಿಯನ್ನು ಮೇಲಕ್ಕೆಳೆದು, ಒಳಗಿನಿಂದ ನೀರು ಜಿನುಗುತ್ತಿದ್ದ ಜಾಗವನ್ನು ಹುಡುಕಿ, ಅಷ್ಟೇ ಸಂದನ್ನು ಬಿಚ್ಚಿ ತುಂಬಿ.

ದೋಣಿ ಸಿಗುವವರೆಗೆ ಕಾಯಬೇಕಿಲ್ಲ, ಮನೆಯಂಗಳದಲ್ಲೇ ಆರಂಭಿಸಬಹುದು. ಒಂದು ಇಂಚು ದಪ್ಪದ, ಎರಡಡಿ ಉದ್ದದ ಎರಡು ಒಣ ಹಲಗೆಗಳನ್ನು ತನ್ನಿ. ಅವುಗಳ ಕೂಡುವ ಅಂಚನ್ನು ಹೊರಬಾಯಿ 3 ಮಿಲಿಮೀಟರ್ ಇರುವಂತೆ ಓರೆ ಕೆತ್ತಿ, ಹಿಂದೆ ಮೂರು ಅಡ್ಡಪಟ್ಟಿಗಳಿಗೆ ಮೊಳೆ ಹೊಡೆದು ಕೂಡಿಸಿ. ಎಣ್ಣೆ ಸವರಿ, ಹತ್ತಿ ಹೊಸೆದು ತುಂಬಿ, ಸುಣ್ಣದ ಲೇಪ ಹಾಕಿ, ಕೆಲವು ದಿನ ಆರಲು ಬಿಡಿ. ಸಂದಿನ ಎರಡೂ ಬದಿ ಪೆನ್ಸಿಲಿನಿಂದ ಗುರುತು ಮಾಡಿ ನಡುವಿನ ಅಂತರ ಅಳೆದು ಬರೆದುಕೊಂಡು, ನೀರಿನ ತೊಟ್ಟಿಯಲ್ಲಿ ಒಂದು ವಾರ ಮುಳುಗಿಸಿಡಿ. ಹೊರತೆಗೆದು ಅದೇ ಗುರುತುಗಳ ನಡುವೆ ಮತ್ತೆ ಅಳೆಯಿರಿ, ಲೇಪ ಎಷ್ಟು ಉಬ್ಬಿ ಹೊರಬಂದಿದೆ ನೋಡಿ, ಬಳಿಕ ಅಡ್ಡಪಟ್ಟಿ ಬಿಚ್ಚಿ ಹತ್ತಿ ಯಾವ ಆಳದವರೆಗೆ ಕೂತಿತ್ತು ಎಂದು ಕಣ್ಣಾರೆ ಪರೀಕ್ಷಿಸಿ. ಎರಡನೆಯ ಸಲ ಪೆಟ್ಟು ತುಸು ಹಗುರ ಮಾಡಿ, ಮೂರನೆಯ ಸಲ ತುಸು ಬಲ ಮಾಡಿ, ಮೂರರ ಅಳತೆಗಳನ್ನೂ ಪಕ್ಕಪಕ್ಕ ಬರೆದಿಡಿ. ಆ ಹಾಳೆಯನ್ನು ಜೊತೆಗೆ ತೆಗೆದುಕೊಂಡೇ ಆಚಾರಿಗಳ ಬಳಿಗೆ ಹೋಗಿ.